ಹೋದ ಚೀಟಿಗೆ ಮರುಚೀಟಿ ಏಕಿಲ್ಲ?

ಮಾನ್ಯ ಸಂಪಾದಕರೇ,

ಅಂಗನವಾಡಿಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸುದ್ದಿ ಬಹುಪಾಲು ಮೊಟ್ಟೆ, ಸೋರುವ ಕಟ್ಟಡ, ಕಾರ್ಯಕರ್ತೆಯರ ಗೌರವಧನ ಈ ಮೂರರ ಸುತ್ತಲೇ ಇರುತ್ತದೆ. ಮೂರೂ ಬರಬೇಕಾದ ಸುದ್ದಿಗಳೇ. ಆದರೆ ಗದಗ ಜಿಲ್ಲೆಯಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅಂಗನವಾಡಿ ಮೇಲ್ವಿಚಾರಕಿಯಾಗಿ ದುಡಿದು ನಿವೃತ್ತಳಾಗಿರುವ ನಾನು ಬರೆಯಹೊರಟಿರುವುದು, ಅಷ್ಟಾಗಿ ಯಾರ ಕಣ್ಣಿಗೂ ಬೀಳದ ಒಂದು ಕಾಗದದ ಕುರಿತು. ಮಗುವಿನ ಕಿವಿ, ಕಣ್ಣು, ಮಾತು, ನಡಿಗೆ, ತೂಕ ಇವುಗಳಲ್ಲಿ ಏನಾದರೂ ಕೊರತೆ ಕಂಡಾಗ ಅದನ್ನು ಆಸ್ಪತ್ರೆಗೋ ಇನ್ನೊಂದು ಇಲಾಖೆಗೋ ಕಳುಹಿಸಲು ಬರೆದುಕೊಡುವ ರೆಫರಲ್ ಚೀಟಿ ಅದು. ಆ ಚೀಟಿ ಅಂಗನವಾಡಿಯಿಂದ ಹೋಗುತ್ತದೆ. ಅದಕ್ಕೆ ಉತ್ತರವಾಗಿ ಅಂಗನವಾಡಿಗೆ ಒಂದು ಸಾಲೂ ಮರಳಿ ಬರುವುದಿಲ್ಲ.

ಅಂಗನವಾಡಿಗಳನ್ನು ಹುಟ್ಟುಹಾಕಿದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ, ನಮ್ಮ ರಾಜ್ಯದಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ ಮೊದಲು ಕಾಲಿಟ್ಟಿತು. ಅಂದಿನಿಂದಲೂ ಅದರ ಸೇವೆಗಳು ಆರು: ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ಪೌಷ್ಟಿಕತೆ ಮತ್ತು ಆರೋಗ್ಯ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಮಾಹಿತಿ ಸೇವೆ. ನಮ್ಮ ಇಲಾಖೆಯ ಭಾಷೆಯಲ್ಲಿ ಮಾಹಿತಿ ಸೇವೆಯೆಂದರೆ ಈ ರೆಫರಲ್ಲೇ. ಆರರಲ್ಲಿ ಕೊನೆಯ ಮೂರು ಆರೋಗ್ಯ ಇಲಾಖೆಯ ಕೈಯಿಲ್ಲದೆ ನಡೆಯುವಂಥವಲ್ಲ. ಹೀಗೆ ಅಂಗನವಾಡಿಯ ಅರ್ಧ ಕೆಲಸ ಹುಟ್ಟಿನಿಂದಲೇ ಇನ್ನೊಂದು ಇಲಾಖೆಯ ಜೊತೆಗಿನ ಕೆಲಸವಾಗಿರುವಾಗ, ಆ ಇನ್ನೊಂದು ಇಲಾಖೆ ತಾನು ಏನು ಮಾಡಿದೆನೆಂದು ತಿರುಗಿ ಹೇಳುವ ಪದ್ಧತಿ ಮಾತ್ರ ಐವತ್ತು ವರ್ಷಗಳಲ್ಲಿ ನೆಲೆಯೂರಲಿಲ್ಲ. ಇದರಿಂದ ಆಗುವ ನಷ್ಟ ಎಂಥದೆಂಬುದನ್ನು ನಾನು ಒಂದು ಮಗುವಿನ ವಿಷಯದಲ್ಲಿ ಕಣ್ಣಾರೆ ಕಂಡಿದ್ದೇನೆ. ಅದರಲ್ಲಿ ನನ್ನ ತಪ್ಪೂ ಇದೆಯಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಆ ಹುಡುಗನಿಗೆ ಆಗ ಮೂರೂವರೆ ವರ್ಷ. ನಾನು ಭೇಟಿಗೆ ಹೋದ ದಿನ ಮಕ್ಕಳೆಲ್ಲ ಊಟಕ್ಕೆ ಸಾಲಾಗಿ ಕುಳಿತಿದ್ದರು. ಸಹಾಯಕಿಯ ಕೈಯಿಂದ ಸ್ಟೀಲಿನ ತಾಟುಗಳು ಜಾರಿ ಕಲ್ಲಿನ ನೆಲದ ಮೇಲೆ ಬಿದ್ದವು. ಮಕ್ಕಳೆಲ್ಲ ಬೆಚ್ಚಿ ಒಮ್ಮೆಲೇ ಆ ಕಡೆ ತಿರುಗಿದರು. ಇವನೊಬ್ಬ ಮಾತ್ರ ಗೋಡೆಯ ಮೇಲಿನ ಗಿಳಿಯ ಚಿತ್ರಕ್ಕೆ ಬೆರಳು ಆಡಿಸುತ್ತ ತನ್ನ ಪಾಡಿಗೆ ತಾನು ಕುಳಿತಿದ್ದ. ಅಲ್ಲಿನ ಅಂಗನವಾಡಿ ಕಾರ್ಯಕರ್ತೆ, ಅಂದರೆ ಊರವರ ಬಾಯಲ್ಲಿ ಅಕ್ಕೋರು, ನನ್ನ ಹತ್ತಿರ ಬಂದು, "ಮೇಡಂ, ನನಗೂ ಎರಡು ತಿಂಗಳಾತ್ರಿ ಸಂಶಯ ಬಂದು. ಹಿಂದಿನಿಂದ ಕರದ್ರ ಒಮ್ಮೆನೂ ಹೊಳ್ಳಿ ನೋಡಂಗಿಲ್ರಿ" ಎಂದರು. ಮನೆಗೆ ಹೋಗಿ ಕೇಳಿದರೆ ಅಜ್ಜಿಗೆ ಅದೊಂದು ವಿಷಯವೇ ಅಲ್ಲ. "ಇವರಪ್ಪನೂ ನಾಕ ವರ್ಷಕ್ಕ ಬಾಯಿ ಬಿಟ್ಟಾನ್ರೀ, ಇವಂಗೂ ಮಾತ ಬರ್ತಾವ ತಗೋರಿ" ಎಂದು ನಕ್ಕರು. ಅಂತೂ ಮಕ್ಕಳ ತಪಾಸಣೆಗೆ ಊರೂರಿಗೆ ಬರುವ ಸರ್ಕಾರದ ಆರೋಗ್ಯ ತಂಡ ಬಂದಾಗ ತೋರಿಸಿದೆವು, ವೈದ್ಯರು ನೋಡಿ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. ನನ್ನ ಪಾಲಿಗೆ ಅಲ್ಲಿಗೆ ಕೆಲಸ ಮುಗಿಯಿತು.

ಮುಂದಿನ ಕಥೆ ನನಗೆ ತಿಳಿದದ್ದು ಹನ್ನೊಂದು ತಿಂಗಳ ನಂತರ. ತಾಯಿ ಮತ್ತು ಅಜ್ಜಿ ಎರಡು ಬಸ್ಸು ಬದಲಿಸಿ, ಆ ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗಿದ್ದರು. ಅದು ಯಾವ ಆಸ್ಪತ್ರೆಯೆಂದು ಹೇಳುವ ಅಗತ್ಯವಿಲ್ಲ, ಯಾವುದಾದರೂ ಆಗಬಹುದಿತ್ತು. ಕಿವಿ ಪರೀಕ್ಷೆ ಮಾಡುವವರು ಅಂದು ಶಿಬಿರಕ್ಕೆ ಹೋಗಿದ್ದರಂತೆ, ಸೋಮವಾರ ಬನ್ನಿ ಎಂದರಂತೆ. ಸೋಮವಾರ ಮತ್ತೆ ಹೋದರು. ಪರೀಕ್ಷೆಗೆ ಮಗು ಮಲಗಿರಬೇಕು ಎಂದರು. ಬೇರಾ ಎಂದು ಕರೆಯುವ ಈ ಪರೀಕ್ಷೆಯಲ್ಲಿ ಮಗುವಿನ ಹಣೆಗೂ ಕಿವಿಯ ಹಿಂಬದಿಗೂ ತಂತಿ ಅಂಟಿಸಿ, ಕಿವಿಯೊಳಗೆ ಸದ್ದು ಬಿಟ್ಟು, ಆ ಸದ್ದು ನರದ ದಾರಿಯಲ್ಲಿ ಮುಂದೆ ಸಾಗುತ್ತಿದೆಯೇ ಎಂದು ಯಂತ್ರದಲ್ಲಿ ನೋಡುತ್ತಾರೆ. ಮಗು ಅಲುಗಾಡಿದರೆ ಯಂತ್ರಕ್ಕೆ ಏನೂ ತಿಳಿಯುವುದಿಲ್ಲ, ಆದ್ದರಿಂದ ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ನಿದ್ದೆಗೆ ಬಿಡದೆ ಕರೆತರಬೇಕು. ಇದನ್ನು ಆ ತಾಯಿಗೆ ಯಾರೂ ಹೇಳಿರಲಿಲ್ಲ. ಹುಡುಗ ಬಸ್ಸಿನಲ್ಲಿ ಹೊಟ್ಟೆತುಂಬ ನಿದ್ದೆ ಮಾಡಿ ಬಂದಿದ್ದ. ಆಸ್ಪತ್ರೆಯಲ್ಲಿ ಮಧ್ಯಾಹ್ನದ ತನಕ ತೊಡೆಯ ಮೇಲೆ ಹಾಕಿ ತಟ್ಟಿದರೂ ಮಲಗಲಿಲ್ಲ. ಮಗು ಸಹಕರಿಸಲಿಲ್ಲ, ಮತ್ತೊಮ್ಮೆ ಬರಲಿ ಎಂದು ಇಂಗ್ಲಿಷಿನಲ್ಲಿ ಬರೆದು ಕಾಗದ ಕೊಟ್ಟರು. ಮೂರನೆಯ ಸಲ ಅವರು ಹೋಗಲಿಲ್ಲ.

ಈ ನಡುವೆ ಅಕ್ಕೋರು ಅಜ್ಜಿಯನ್ನು ಕೇಳಿದ್ದರು. "ಎರಡು ಸರ್ತಿ ಹೋಗಿ ಬಂದೇವ್ರಿ" ಎಂಬ ಉತ್ತರ ಬಂತು. ಅದು ಸುಳ್ಳಲ್ಲ. ಅಕ್ಕೋರು ತಮ್ಮ ಪುಸ್ತಕದಲ್ಲಿ "ಆಸ್ಪತ್ರೆಗೆ ತೋರಿಸಿದ್ದಾರೆ" ಎಂದು ಬರೆದರು, ನಾನು ಅದರ ಕೆಳಗೆ ಸಹಿ ಮಾಡಿದೆ. ಆರು ತಿಂಗಳ ಬಳಿಕ ಆರೋಗ್ಯ ತಂಡ ಮತ್ತೆ ಬಂದಾಗ ವೈದ್ಯರು ಬದಲಾಗಿದ್ದರು. ಅವರು ಹುಡುಗನನ್ನು ಹೊಸದಾಗಿ ನೋಡಿ, ಹೊಸದಾಗಿ ಇನ್ನೊಂದು ಚೀಟಿ ಬರೆದರು. ಕೊನೆಗೊಮ್ಮೆ ಅನುಮಾನ ಬಂದು ನಾನೇ ಮನೆಗೆ ಹೋಗಿ ಕಾಗದಗಳನ್ನು ಕೇಳಿದಾಗ ಅಜ್ಜಿ ತಮ್ಮ ಎಲೆ-ಅಡಿಕೆಯ ಚಂಚಿ ಬಿಚ್ಚಿ, ನಾಲ್ಕು ಮಡಿಕೆಯಾಗಿ ಸುಣ್ಣ ಮೆತ್ತಿಕೊಂಡಿದ್ದ ಮೂರು ಕಾಗದಗಳನ್ನು ನನ್ನ ಕೈಗಿಟ್ಟರು. ಎರಡು ಚೀಟಿ, ಒಂದು ಆಸ್ಪತ್ರೆಯ ಕಾಗದ. ಇಡೀ ವ್ಯವಸ್ಥೆಯಲ್ಲಿ ಆ ಹುಡುಗನ ವಿಷಯ ಪೂರ್ತಿಯಾಗಿ ಇದ್ದದ್ದು ಆ ಚಂಚಿಯೊಳಗೆ ಮಾತ್ರ.

ಅಷ್ಟು ಗೊತ್ತಾದ ಮೇಲೂ ಕೆಲಸ ಬೇಗ ಆಗಲಿಲ್ಲ. ತಂದೆ-ತಾಯಿ ದುಡಿಯಲು ಗೋವೆಗೆ ಹೋದರು, ಹುಡುಗನನ್ನೂ ಕರೆದೊಯ್ದರು. ಸರಿಯಾದ ಪರೀಕ್ಷೆ ಆದದ್ದು ಅವನು ಒಂದನೆಯ ತರಗತಿಗೆ ಸೇರಿದ ಮೇಲೆ, ಶಿಕ್ಷಣ ಇಲಾಖೆಯ ವಿಶೇಷ ಶಿಕ್ಷಕರೊಬ್ಬರು ಹಟ ಹಿಡಿದು ಜೊತೆಗೇ ಹೋದದ್ದರಿಂದ. ಆಗ ಅವನಿಗೆ ಆರು ವರ್ಷ ಮೂರು ತಿಂಗಳು. ಎರಡೂ ಕಿವಿಗಳಲ್ಲಿ ತೀವ್ರ ಶ್ರವಣದೋಷ. ಕೇಳಿಸುವಂತೆ ಮಾಡುವ ಸಾಧನವನ್ನು ಕಿವಿಯೊಳಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡಿಸುವ ಸರ್ಕಾರದ ಯೋಜನೆಗಳಿಗೆಲ್ಲ ವಯಸ್ಸಿನ ಮಿತಿಯಿದೆ, ರಾಜ್ಯದ ಶ್ರವಣ ಸಂಜೀವಿನಿ ಯೋಜನೆ ಆರು ವರ್ಷದವರೆಗಿನ ಮಕ್ಕಳಿಗೆ. ಆ ಮಿತಿ ಗುಮಾಸ್ತರು ಸುಮ್ಮನೆ ಹಾಕಿದ್ದಲ್ಲ. ಮಾತು ಕಲಿಯುವ ಶಕ್ತಿ ಮೆದುಳಿನಲ್ಲಿ ಮೊದಲ ಕೆಲವು ವರ್ಷ ಇದ್ದಂತೆ ಆಮೇಲೆ ಇರುವುದಿಲ್ಲ. ಹುಡುಗನಿಗೆ ಈಗ ಶ್ರವಣ ಸಾಧನ ಸಿಕ್ಕಿದೆ, ಒಂದಷ್ಟು ಸದ್ದು ಕೇಳುತ್ತದೆ. ಮಾತು ಮಾತ್ರ ಇನ್ನೂ ಕೈಸನ್ನೆಯಲ್ಲಿಯೇ ಇದೆ.

ಇಲ್ಲಿ ಯಾರೂ ಕೆಲಸಗಳ್ಳರಾಗಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಅಕ್ಕೋರು ಗುರುತಿಸಿದರು, ತಂಡ ಚೀಟಿ ಬರೆಯಿತು, ಬಡ ತಾಯಿ ಎರಡು ಸಲ ಹೋದಳು, ಆಸ್ಪತ್ರೆ ಮತ್ತೊಮ್ಮೆ ಬನ್ನಿ ಎಂದಿತು. ಆಸ್ಪತ್ರೆಯ ಆ ಒಂದು ಸಾಲು ಕನ್ನಡದಲ್ಲಿ, ಬರಬೇಕಾದ ದಿನಾಂಕ ಹಾಗೂ ನಿದ್ದೆಯ ಸೂಚನೆಯೊಂದಿಗೆ ಅಂಗನವಾಡಿಗೆ ತಲುಪಿದ್ದರೆ ಸಾಕಿತ್ತು. ಅಕ್ಕೋರು ಅದೇ ಓಣಿಯವರು. ಹಿಂದಿನ ರಾತ್ರಿ ಆ ಮನೆಗೆ ಹೋಗಿ ಹುಡುಗನನ್ನು ಹತ್ತು ಗಂಟೆಯವರೆಗೆ ಆಡಿಸಿ ಎಚ್ಚರವಾಗಿ ಇಡುವಷ್ಟು ಸಲಿಗೆ ಅವರಿಗೆ ಇತ್ತು.

ಕಾಗದದ ಮೇಲೆ ನಮ್ಮಲ್ಲಿ ಏನೂ ಕಡಿಮೆಯಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಇಬ್ಬರು ಆಯುಷ್ ವೈದ್ಯರು, ಒಬ್ಬ ಔಷಧ ವಿತರಕರು, ಒಬ್ಬ ನರ್ಸ್ ಇರುವ ಸಂಚಾರಿ ತಂಡ ಪ್ರತಿ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗಳಿಗೆ ಒಂದು ಸಲ ಬರಬೇಕು. ಜನ್ಮದೋಷ, ಕೊರತೆ, ಕಾಯಿಲೆ, ಬೆಳವಣಿಗೆಯ ಕುಂಠಿತ ಇವುಗಳನ್ನು ಗುರುತಿಸಿ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಬೇಕು. 2023ರ ನವೆಂಬರಿನಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ದಿವ್ಯಾಂಗ ಮಕ್ಕಳಿಗಾಗಿಯೇ ಅಂಗನವಾಡಿ ಪ್ರೋಟೋಕಾಲ್ ಹೊರತಂದಿತು. ಅದರಲ್ಲಿಯೂ ಬೇಗ ಗುರುತಿಸುವುದು, ಕುಟುಂಬಕ್ಕೆ ಧೈರ್ಯ ತುಂಬುವುದು, ಆಶಾ ಕಾರ್ಯಕರ್ತೆ, ನರ್ಸ್ ಮತ್ತು ಆರೋಗ್ಯ ತಂಡದ ಮೂಲಕ ಮುಂದಕ್ಕೆ ಕಳುಹಿಸುವುದು ಎಲ್ಲವೂ ಇದೆ. ಚಿಕಿತ್ಸೆಯ ದೃಷ್ಟಿಯಿಂದಲೂ ನಮ್ಮ ಭಾಗ ಬಡವಲ್ಲ. ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದೇ ಹೆಸರಾಗಿದ್ದ ದೊಡ್ಡ ಸರ್ಕಾರಿ ಆಸ್ಪತ್ರೆ ಇದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನದ ಸಂಸ್ಥೆ ಡಿಮ್ಹಾನ್ಸ್ ಇದೆ, ಗದಗ ಮತ್ತು ಹಾವೇರಿಗಳಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳೇ ಇವೆ. ಆದರೆ ಈ ಸರಪಳಿಯ ಒಂದೊಂದು ಕೊಂಡಿಯೂ ಮುಂದಿನ ಕೊಂಡಿಯ ಕಡೆಗೆ ಮುಖ ಮಾಡಿ ನಿಂತಿದೆ. ಹಿಂದಕ್ಕೆ ತಿರುಗಿ ನೋಡುವುದು ಯಾರ ಕರ್ತವ್ಯಪಟ್ಟಿಯಲ್ಲಿಯೂ ಎದ್ದು ಕಾಣುವುದಿಲ್ಲ.

ಇದಕ್ಕೆ ಒಂದು ಅಪವಾದವನ್ನು ನಾನು ಬಲ್ಲೆ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ತೀವ್ರ ಅಪೌಷ್ಟಿಕತೆಯ ಮಕ್ಕಳನ್ನು ತಾಯಿಯೊಂದಿಗೆ ಹದಿನಾಲ್ಕು ದಿನ ಇರಿಸಿಕೊಳ್ಳುವ ಪೌಷ್ಟಿಕ ಪುನಶ್ಚೇತನ ಕೇಂದ್ರಗಳ ವಿಷಯದಲ್ಲಿ ಎರಡು ಇಲಾಖೆಗಳು ನಿಜಕ್ಕೂ ಮಾತನಾಡುತ್ತವೆ. ಮಗು ದಾಖಲಾಯಿತೇ, ತಾಯಿ ಐದನೆಯ ದಿನವೇ ಮನೆಯ ನೆನಪಾಗಿ ಎದ್ದು ಬಂದಳೇ, ಬಿಡುಗಡೆಯ ದಿನ ತೂಕ ಎಷ್ಟು, ಇವೆಲ್ಲ ಅಂಗನವಾಡಿಗೆ ತಿಳಿಯುತ್ತಿತ್ತು. ಕಾರಣ ಸರಳ. ಎಷ್ಟು ಮಕ್ಕಳು ತೀವ್ರ ಅಪೌಷ್ಟಿಕತೆಯಲ್ಲಿ ಇದ್ದಾರೆ ಎಂದು ಜಿಲ್ಲಾ ಪಂಚಾಯಿತಿಯ ಸಭೆಯಲ್ಲಿ ಕೇಳುತ್ತಾರೆ. 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್ ಬಂದು ಎತ್ತರ-ತೂಕ ಪ್ರತಿ ತಿಂಗಳು ಮೊಬೈಲಿಗೆ ಏರುತ್ತಿದೆ. ಎಷ್ಟು ಚೀಟಿಗಳಿಗೆ ಉತ್ತರ ಬಂದಿದೆ ಎಂದು ನನ್ನ ಇಡೀ ನೌಕರಿಯಲ್ಲಿ ಯಾವ ಸಭೆಯಲ್ಲಿಯೂ ಯಾರೂ ಕೇಳಲಿಲ್ಲ, ಎಷ್ಟು ಚೀಟಿ ಕೊಟ್ಟಿರಿ ಎಂದು ಮಾತ್ರ ಕೇಳಿದರು.

ಹೊರಗಿನ ಇಲಾಖೆಗಳೆಂದರೆ ಆಸ್ಪತ್ರೆಯೊಂದೇ ಅಲ್ಲ. ವಿಕಲಚೇತನರ ಇಲಾಖೆಯಿಂದ ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಇವರೂ ಅಂಗವಿಕಲತೆಯುಳ್ಳವರೇ ಆಗಿರುವುದರಿಂದ ಯಾವ ಆಸ್ಪತ್ರೆಯ ಯಾವ ಕೋಣೆಯ ಮುಂದೆ ಎಷ್ಟು ಹೊತ್ತು ಕಾಯಬೇಕು, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಯಾವ ದಿನ ವೈದ್ಯರು ಕೂರುತ್ತಾರೆ ಎಂಬುದನ್ನು ಅನುಭವದಿಂದ ಬಲ್ಲರು. ಮೇಲೆ ಹೇಳಿದ ಹುಡುಗನ ಮನೆಯಿಂದ ಆ ಊರಿನ ಪಂಚಾಯಿತಿ ಕಚೇರಿಗೆ ಐದು ನಿಮಿಷದ ದಾರಿ. ಪುನರ್ವಸತಿ ಕಾರ್ಯಕರ್ತರು ಅಲ್ಲಿಯೇ ಕುಳಿತಿರುತ್ತಿದ್ದರು. ನಾವೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಪಿಂಚಣಿ, ಬಸ್ ಪಾಸು ಎಂದರೆ ಅವರ ಕೆಲಸ, ಮೂರು ವರ್ಷದ ಮಗುವೆಂದರೆ ನಮ್ಮ ಕೆಲಸ ಎಂದು ಇಬ್ಬರೂ ತಿಳಿದಿದ್ದೆವು. ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದ ವಿಶೇಷ ಶಿಕ್ಷಕರ ಮಾತೂ ಅಷ್ಟೇ, ಮಗು ಶಾಲೆಯ ದಾಖಲಾತಿ ಪುಸ್ತಕದಲ್ಲಿ ಬರುವ ತನಕ ಅದು ಅವರಿಗೆ ಕಾಣಿಸುವುದಿಲ್ಲ. ಅಂಗನವಾಡಿಯಲ್ಲಿ ಮೂರು ವರ್ಷ ಕಂಡದ್ದೆಲ್ಲ ಒಂದನೆಯ ತರಗತಿಯ ಬಾಗಿಲಲ್ಲಿ ನಿಂತುಹೋಗುತ್ತದೆ.

ದುಡಿಯಲು ವಲಸೆ ಹೋಗುವ ಕುಟುಂಬಗಳ ಮಕ್ಕಳ ಸ್ಥಿತಿ ಇನ್ನೂ ಕಠಿಣ. ಮುಂಡರಗಿ, ಶಿರಹಟ್ಟಿ ಭಾಗದ ತಾಂಡಾಗಳಿಂದ ದೀಪಾವಳಿ ಮುಗಿದೊಡನೆ ಗೋವೆಗೆ, ಮಂಗಳೂರಿಗೆ, ಕಬ್ಬು ಕಡಿಯಲು ಹೋದವರು ಮರಳುವುದು ಮುಂಗಾರಿಗೆ. ಆರೋಗ್ಯ ತಂಡದ ಒಂದು ಸುತ್ತು ಈ ನಡುವೆಯೇ ಬಂದು ಹೋದರೆ ಆ ಮಕ್ಕಳ ಹೆಸರಿನ ಮುಂದೆ "ಗೈರು" ಎಂದು ಬೀಳುತ್ತದೆ. ಹೋದ ಊರಿನ ಅಂಗನವಾಡಿಗೆ ತೋರಿಸಲು ತಾಯಿ ಕಾರ್ಡ್ ಒಂದಿದೆ. ಅದರಲ್ಲಿ ಚುಚ್ಚುಮದ್ದಿನ ಪುಟ ಎಲ್ಲರಿಗೂ ಓದಲು ಬರುತ್ತದೆ, ಮಗುವಿನ ಕಿವಿಗೆ ಪರೀಕ್ಷೆ ಬಾಕಿಯಿದೆ ಎಂಬುದು ಯಾವ ಪುಟದಲ್ಲಿಯೂ ಇರುವುದಿಲ್ಲ.

ಇನ್ನೊಂದು ಬಗೆಯ ಮೌನವೂ ಉಂಟು. ಮಗುವಿನ ಮೈಮೇಲೆ ಬರೆ, ವಿಚಿತ್ರ ಅಂಜಿಕೆ ಕಂಡಾಗ ಅಂಗನವಾಡಿ ಕಾರ್ಯಕರ್ತೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಲೈಂಗಿಕ ದೌರ್ಜನ್ಯದ ಸಂಶಯವಿದ್ದರಂತೂ 2012ರ ಪೋಕ್ಸೊ ಕಾಯ್ದೆಯಂತೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. ಆದರೆ ಕರೆ ಮಾಡಿದ ಮೇಲೆ ಏನಾಯಿತು ಎಂಬುದು ಅವರಿಗೆ ತಿಳಿಯುವುದು ಓಣಿಯ ಬಾಯಿಂದ. ಅದೇ ಊರಿನ ಸೊಸೆ, ಅದೇ ನಳಕ್ಕೆ ನೀರಿಗೆ ಹೋಗುವಾಕೆ. ಮಗು ಸುರಕ್ಷಿತವಾಗಿದೆ ಎಂಬ ಒಂದು ಮಾತನ್ನಾದರೂ ಮಕ್ಕಳ ರಕ್ಷಣಾ ಘಟಕದವರು ಆಕೆಗೆ ತಿಳಿಸದಿದ್ದರೆ, ಮುಂದಿನ ಸಲ ಫೋನು ಎತ್ತುವ ಮುನ್ನ ಆಕೆ ಹತ್ತು ಸಲ ಯೋಚಿಸುತ್ತಾಳೆ. ಕಾಯ್ದೆಯ ಭಯಕ್ಕಿಂತ ನೆರೆಮನೆಯ ಭಯ ದೊಡ್ಡದು.

ಖಾಸಗಿ ಪ್ಲೇ ಹೋಮ್, ಎಲ್‌ಕೆಜಿಗಳ ಮಾತು ಬೇರೆ. ಹುಬ್ಬಳ್ಳಿಯ ವಿದ್ಯಾನಗರ, ಕೇಶ್ವಾಪುರ, ಗೋಕುಲ ರಸ್ತೆಗಳಲ್ಲಿ ಇವುಗಳ ಫಲಕ ಹೆಜ್ಜೆಗೊಂದು ಕಾಣುತ್ತದೆ. ಸರ್ಕಾರದ ಸಂಚಾರಿ ಆರೋಗ್ಯ ತಂಡ ಅಲ್ಲಿಗೆ ಹೋಗುವುದಿಲ್ಲ. ಅಲ್ಲಿನ ಶಿಕ್ಷಕಿಗೆ ಸಂಶಯ ಬಂದರೂ ಹೇಳಿದರೆ ಪಾಲಕರು ಸಿಟ್ಟಾಗಿ ಮಗುವನ್ನು ಬೇರೆ ಕಡೆ ಸೇರಿಸಿಯಾರೆಂಬ ಅಂಜಿಕೆ. ನಮ್ಮಲ್ಲಿ ಮರುಚೀಟಿ ಇಲ್ಲ, ಅವರಲ್ಲಿ ಚೀಟಿಯೇ ಇಲ್ಲ.

ನಾನು ಕೇಳುತ್ತಿರುವುದು ಹೊಸ ಯೋಜನೆಯನ್ನಲ್ಲ, ಹೊಸ ಆ್ಯಪನ್ನಂತೂ ಅಲ್ಲವೇ ಅಲ್ಲ. ಕಾರ್ಯಕರ್ತೆಯರು ಈಗಾಗಲೇ ಮಕ್ಕಳ ಮುಖಕ್ಕಿಂತ ಮೊಬೈಲಿನ ಮುಖ ಹೆಚ್ಚು ನೋಡುವಂತಾಗಿದೆ. ಬ್ಯಾಂಕಿನ ಚಲನ್ನಿಗೆ ಇರುವಂತೆ ರೆಫರಲ್ ಚೀಟಿಗೂ ಒಂದು ಹರಿದುಕೊಡುವ ಭಾಗ ಇರಲಿ. ಆಸ್ಪತ್ರೆಯವರು ಅದರಲ್ಲಿ ಕನ್ನಡದಲ್ಲಿ ಮೂರೇ ಸಾಲು ಬರೆಯಲಿ: ಮಗುವನ್ನು ನೋಡಿದೆವು ಅಥವಾ ನೋಡಲಾಗಲಿಲ್ಲ, ಮುಂದೆ ಬರಬೇಕಾದ ದಿನ ಇಂಥದು, ಬರುವಾಗ ಹೀಗೆ ತಯಾರಾಗಿ ಬನ್ನಿ. ಅದನ್ನು ತಾಯಿಯ ಕೈಯಲ್ಲಿ ಕೊಡುವುದರ ಜೊತೆಗೆ ಅಂಗನವಾಡಿಯ ಫೋನಿಗೆ ಅದರ ಚಿತ್ರ ಕಳುಹಿಸಿದರೆ ಮುಗಿಯಿತು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ದಿನ ಪ್ರತಿ ತಿಂಗಳು ನಡೆಯುತ್ತದೆ. ನರ್ಸ್, ಆಶಾ, ಅಂಗನವಾಡಿ ಕಾರ್ಯಕರ್ತೆ ಮೂವರೂ ಒಂದೇ ಚಾಪೆಯ ಮೇಲೆ ಕೂರುವ ದಿನ ಅದು. ಪುನರ್ವಸತಿ ಕಾರ್ಯಕರ್ತರನ್ನೂ ಅಂದು ಕರೆದು, ಉತ್ತರ ಬಾರದ ಚೀಟಿಗಳ ವಿಷಯವನ್ನು ಮೊದಲಿಗೇ ಎತ್ತಿಕೊಳ್ಳಲಿ. ತಾಲ್ಲೂಕು ಮಟ್ಟದಲ್ಲಿ ಯಾರನ್ನು ಕೇಳಬೇಕು ಎಂಬುದಕ್ಕೆ ಒಬ್ಬರ ಹೆಸರು, ಒಂದು ಫೋನ್ ನಂಬರ್ ಇರಲಿ. ಚಿಕ್ಕ ಮಕ್ಕಳ ಕಿವಿ, ಮಾತಿನ ಪರೀಕ್ಷೆಗೆ ಆಸ್ಪತ್ರೆಗಳು ವಾರದಲ್ಲಿ ಒಂದು ದಿನ ಗೊತ್ತುಮಾಡಿ ಅದನ್ನು ಎಲ್ಲ ಅಂಗನವಾಡಿಗಳ ಗೋಡೆಗೆ ಬರೆಸಲಿ. 2023ರಿಂದ ಶಕ್ತಿ ಯೋಜನೆ ಇರುವುದರಿಂದ ತಾಯಂದಿರಿಗೆ ಬಸ್ ಚಾರ್ಜಿನ ಚಿಂತೆ ಇಲ್ಲ. ಅವರಿಗೆ ಇರುವುದು ಕೂಲಿ ತಪ್ಪಿಸಿಕೊಂಡು ಹೋಗಿ ಬರಿಗೈಯಲ್ಲಿ ಮರಳುವ ಚಿಂತೆ.

ಇದಕ್ಕೆ ಆಸ್ಪತ್ರೆಯ ಕಡೆಯಿಂದ ಒಂದು ಆಕ್ಷೇಪ ಬರುವುದನ್ನು ಬಲ್ಲೆ: ರೋಗಿಯ ವಿಷಯವನ್ನು ಹೊರಗಿನವರಿಗೆ ಹೇಳುವುದು ಸರಿಯೇ? ಸರಿಯಾದ ಪ್ರಶ್ನೆಯೇ. ಕಾರ್ಯಕರ್ತೆಯರೆಲ್ಲ ಸೇರುವ ವೃತ್ತ ಸಭೆಗಳಲ್ಲಿ ಮಕ್ಕಳ ಹೆಸರು ಕೂಗಿ "ಆ ಮೂಕ ಹುಡುಗ ಏನಾದ?" ಎಂದು ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ, ನಾಚಿಕೆಪಟ್ಟಿದ್ದೇನೆ. ಆದ್ದರಿಂದ ಅಂಗನವಾಡಿಗೆ ತಿಳಿಸಲು ಒಪ್ಪಿಗೆ ಇದೆಯೇ ಎಂದು ಚೀಟಿ ಕೊಡುವಾಗಲೇ ತಾಯಿಯನ್ನು ಕೇಳಿ ಸಹಿ ಅಥವಾ ಹೆಬ್ಬೆಟ್ಟು ಪಡೆಯಬೇಕು. ಮರುಚೀಟಿಯಲ್ಲಿ ಕಾಯಿಲೆಯ ಹೆಸರು ಬರೆಯಲೇಬೇಕೆಂದೇನೂ ಇಲ್ಲ. ಮುಂದಿನ ದಿನಾಂಕವೂ ತಯಾರಿಯ ಸೂಚನೆಯೂ ಇದ್ದರೆ ಅಕ್ಕೋರ ಕೆಲಸಕ್ಕೆ ಅಷ್ಟೇ ಸಾಕು. ಆಸ್ಪತ್ರೆಗಳಲ್ಲಿ ಸಿಬ್ಬಂದಿ ಕಡಿಮೆ ಎಂಬ ಮಾತನ್ನೂ ಒಪ್ಪುತ್ತೇನೆ. ಆದರೆ ತಯಾರಿಯಿಲ್ಲದೆ ಬಂದ ಮಗುವಿಗೆ ಎರಡೆರಡು ಸಲ ಯಂತ್ರ ಹೂಡುವುದಕ್ಕಿಂತ ಮೂರು ಸಾಲು ಬರೆಯುವುದು ಅವರಿಗೂ ಹಗುರ.

ನಿವೃತ್ತಿಗೆ ಕೆಲವು ತಿಂಗಳ ಮುಂಚೆ ಇಂಥದೊಂದು ಚೀಟಿಯ ಮಾದರಿಯನ್ನು ನಾನೇ ಗೆರೆ ಎಳೆದು ತಯಾರಿಸಿ, ಅರ್ಜಿಯೊಂದಿಗೆ ಒಂದು ಕಚೇರಿಗೆ ಕೊಟ್ಟಿದ್ದೆ. ಅದನ್ನು ಮೆಚ್ಚಿದ ಅಲ್ಲಿನ ಗುಮಾಸ್ತರು, ಮುದ್ರಣದ ಖರ್ಚನ್ನು ಯಾವ ಲೆಕ್ಕ ಶೀರ್ಷಿಕೆಗೆ ಹಾಕುವುದೆಂದು ಕೇಳಿದರು. ಸದ್ಯಕ್ಕೆ ಝೆರಾಕ್ಸ್ ಮಾಡಿಸಿಕೊಂಡರೂ ನಡೆಯುತ್ತದೆ ಎಂದೆ. ಸ್ವೀಕೃತಿಯ ಮೊಹರು ಹಾಕಿದ ನನ್ನ ಪ್ರತಿ ಈಗಲೂ ನನ್ನಲ್ಲಿದೆ. ಸಂಬಂಧಪಟ್ಟ ಅಧಿಕಾರಿಗಳು ಬಯಸಿದರೆ ಅದನ್ನೇ ತಂದು ತೋರಿಸಲು ಸಿದ್ಧಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ,
ಗದಗ